ಮದ್ದಿನ ಜೊತೆಗೆ ಕೈಯೂ ಬೇಕು: ಸ್ಪರ್ಶದ ಆರೈಕೆಯ ಬಗ್ಗೆ ತಿಳಿಯಬೇಕಾದದ್ದು



ಐದು ಇಂದ್ರಿಯಗಳನ್ನು ಎಣಿಸುವಾಗ ನಮ್ಮ ಆಚಾರ್ಯರು ಮೊದಲು ಹೇಳುವುದು ಸ್ಪರ್ಶನೇಂದ್ರಿಯವನ್ನು. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಕಾಯದ ಏಕೇಂದ್ರಿಯ ಜೀವಗಳಿಗೆ ಕಣ್ಣಿಲ್ಲ, ಕಿವಿಯಿಲ್ಲ. ಇರುವುದು ಸ್ಪರ್ಶ ಒಂದೇ. ತಾಯಿಯ ಗರ್ಭದಲ್ಲಿ ಮಗುವಿಗೆ ಮೊದಲು ಬೆಳೆಯುವ ಇಂದ್ರಿಯವೂ ಸ್ಪರ್ಶವೇ ಎನ್ನುತ್ತದೆ ವೈದ್ಯಶಾಸ್ತ್ರ. ವಯಸ್ಸಾಗಿ ಕಣ್ಣು ಮಂಜಾಗಿ ಕಿವಿ ಮಂದವಾದ ಮೇಲೂ, ಕೈ ಹಿಡಿದವರು ಯಾರೆಂದು ಹಿರಿಯರಿಗೆ ತಿಳಿಯುತ್ತದೆ.

ಆದರೆ ಇಂದು ಅನೇಕ ಮನೆಗಳಲ್ಲಿ ಹಿರಿಯರಿಗೆ ಔಷಧಿ ಇದೆ, ಪಥ್ಯದ ಊಟ ಇದೆ, ಹೋಮ್ ನರ್ಸ್ ಇದ್ದಾರೆ. ಮನೆಯವರ ಕೈ ಸೋಕುವುದು ಮಾತ್ರ ಅಪರೂಪ. ಸ್ಪರ್ಶ ಕೇವಲ ಪ್ರೀತಿಯ ಮಾತಲ್ಲ, ಅದು ಆರೈಕೆಯ ಒಂದು ಭಾಗ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ತಾಯಿಯ ಎದೆಯೇ ತೊಟ್ಟಿಲಾದಾಗ

1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೊಟಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳನ್ನು ಇಡಲು ಇನ್‌ಕ್ಯುಬೇಟರ್ ಸಾಲುತ್ತಿರಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಶಿಶುಗಳನ್ನು ಮಲಗಿಸಬೇಕಾಗಿ ಸೋಂಕು ಹರಡುತ್ತಿತ್ತು. ಆಗ ಡಾ. ಎಡ್ಗರ್ ರೇ ಸನಾಬ್ರಿಯಾ ಎಂಬ ಮಕ್ಕಳ ವೈದ್ಯರು ಶಿಶುವನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಒರಗಿಸಿ ಬಟ್ಟೆಯಿಂದ ಕಟ್ಟುವ ಕ್ರಮವನ್ನು ಆರಂಭಿಸಿದರು. ಕಾಂಗರೂ ತನ್ನ ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟು ಸಾಕುವಂತೆ ಇರುವುದರಿಂದ ಇದಕ್ಕೆ ‘ಕಾಂಗರೂ ಮದರ್ ಕೇರ್’ ಎಂಬ ಹೆಸರು ಬಂತು.

ಇದರಲ್ಲಿ ಮಾಯವೇನಿಲ್ಲ. ತೂಕ ಕಡಿಮೆಯಿರುವ ಶಿಶುವಿನ ಮೈಯಲ್ಲಿ ಕೊಬ್ಬು ಕಡಿಮೆ, ಬೇಗ ತಣ್ಣಗಾಗುತ್ತದೆ; ತಾಯಿಯ ಮೈ ಶಾಖ ಅದನ್ನು ಬೆಚ್ಚಗಿಡುತ್ತದೆ. ಎದೆಯ ಬಳಿಯೇ ಇರುವುದರಿಂದ ಎದೆಹಾಲು ಕುಡಿಸುವುದು ಸುಲಭ, ಸೋಂಕು ಕಡಿಮೆ. ಸೂಜಿ ಚುಚ್ಚುವಾಗ ತಾಯಿಯ ಎದೆಗೆ ಒರಗಿದ ಶಿಶುವಿಗೆ ನೋವು ಕಡಿಮೆಯಾಗುವುದೂ ಪರೀಕ್ಷೆಗಳಲ್ಲಿ ಕಂಡುಬಂದಿದೆ.

ವಿಶ್ವ ಆರೋಗ್ಯ ಸಂಸ್ಥೆ ಭಾರತ ಸೇರಿ ಐದು ದೇಶಗಳಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ 3,211 ಶಿಶುಗಳ ಮೇಲೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸ್ಥಿತಿ ಸುಧಾರಿಸಿದ ನಂತರ ತಾಯಿಯ ಎದೆಗೆ ಕೊಟ್ಟ ಗುಂಪಿನಲ್ಲಿ ಮೊದಲ 28 ದಿನಗಳಲ್ಲಿ ನೂರಕ್ಕೆ ಸುಮಾರು 16 ಶಿಶುಗಳು ತೀರಿಕೊಂಡರೆ, ಹುಟ್ಟಿದ ಕೂಡಲೇ ಕೊಟ್ಟ ಗುಂಪಿನಲ್ಲಿ ಆ ಸಂಖ್ಯೆ 12. ಈಗ ಸಂಸ್ಥೆಯ ಸಲಹೆ ದಿನಕ್ಕೆ 8ರಿಂದ 24 ಗಂಟೆ ಈ ಆರೈಕೆ ಕೊಡಬೇಕು ಎಂಬುದು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ತಲುಪಿಸುವ ಕೆಲಸ ನಡೆದಿದೆ. ತಾಯಿ ದಣಿದಾಗ ತಂದೆ, ಅಜ್ಜಿಯೂ ಶಿಶುವನ್ನು ಎದೆಗೆ ಕಟ್ಟಿಕೊಳ್ಳಬಹುದು. ನಮ್ಮ ಮನೆಗಳಲ್ಲಿ ಕಡಿಮೆ ತೂಕದ ಮಗು ಹುಟ್ಟಿದರೆ ಈ ಬಗ್ಗೆ ವೈದ್ಯರನ್ನು ಕೇಳಲು ಮರೆಯಬೇಡಿ.

ದೊಡ್ಡವರಿಗೂ ಅಷ್ಟೇ

ನಮ್ಮ ಚರ್ಮದಲ್ಲಿ ಮೆಲ್ಲಗೆ ಸವರಿದಾಗ ಮಾತ್ರ ಚೆನ್ನಾಗಿ ಸ್ಪಂದಿಸುವ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ ಅವಕ್ಕೆ ಒಗ್ಗುತ್ತದೆ. ತಾಯಿ ಮಗುವಿನ ಬೆನ್ನು ನೇವರಿಸುವ ವೇಗವೂ ಅದೇ.

2006ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಕೋನ್ ಮತ್ತು ಸಂಗಡಿಗರು 16 ಮಂದಿ ವಿವಾಹಿತ ಮಹಿಳೆಯರಿಗೆ ‘ಈಗ ಸಣ್ಣ ವಿದ್ಯುತ್ ಆಘಾತ ಆಗಬಹುದು’ ಎಂದು ಸೂಚನೆ ಕೊಟ್ಟು ಮೆದುಳಿನ ಸ್ಕ್ಯಾನ್ ಮಾಡಿದರು. ಅಪರಿಚಿತರು ಕೈ ಹಿಡಿದಾಗ ಮೆದುಳಿನ ಭಯದ ಚಟುವಟಿಕೆ ಸ್ವಲ್ಪ ತಗ್ಗಿತು. ಗಂಡ ಕೈ ಹಿಡಿದಾಗ ಹೆಚ್ಚು ತಗ್ಗಿತು. ಅನ್ಯೋನ್ಯವಾಗಿದ್ದ ದಂಪತಿಗಳಲ್ಲಿ ಇನ್ನೂ ಹೆಚ್ಚು. ಹೋಮ್ ನರ್ಸ್ ಕೈಯಿಂದ ಆಗುವ ಉಪಕಾರ ದೊಡ್ಡದೇ. ಆದರೆ ಮಗ, ಸೊಸೆ, ಮಗಳ ಕೈ ಮಾಡುವ ಕೆಲಸ ಬೇರೆ.

ವೈಯಾವೃತ್ತ್ಯ ಎಂದರೆ ಇದೇ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಅಂತರಂಗ ತಪಗಳಲ್ಲಿ ಒಂದಾಗಿ ವೈಯಾವೃತ್ತ್ಯವನ್ನು ಹೇಳಿದೆ. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’, ಅಂದರೆ ರೋಗಿ ಸಾಧು, ಕೂಡ ಸೇರಿದ್ದಾರೆ. ಸೇವೆಯನ್ನು ಉಪವಾಸ, ಧ್ಯಾನಗಳಂತೆ ತಪಸ್ಸೆಂದೇ ಎಣಿಸಿದ್ದನ್ನು ಗಮನಿಸಬೇಕು.

ನಿರ್ವಿಚಿಕಿತ್ಸೆ ಎಂಬ ಸಮ್ಯಕ್ತ್ವದ ಅಂಗಕ್ಕೆ ಉದ್ದಾಯನ ರಾಜನ ಉದಾಹರಣೆ ಎಲ್ಲರಿಗೂ ಗೊತ್ತು. ಪರೀಕ್ಷಿಸಲು ಬಂದ ದೇವನು ರೋಗಿ ಮುನಿಯ ವೇಷದಲ್ಲಿ ಆಹಾರ ಸ್ವೀಕರಿಸಿ ವಾಂತಿ ಮಾಡಿದಾಗ ಸುತ್ತಲಿದ್ದವರು ದುರ್ಗಂಧಕ್ಕೆ ಓಡಿಹೋದರು. ರಾಜ ಹೇಸದೆ ಕೈಯಾರೆ ತೊಳೆದು ಉಪಚರಿಸಿದ. ಅರಮನೆಯಲ್ಲಿ ಆಳುಗಳಿರಲಿಲ್ಲವೇ? ಇದ್ದರು. ಆದರೂ ತನ್ನ ಕೈಯನ್ನೇ ಕೊಟ್ಟ.

ತ್ಯಾಗಿಗಳ ಸೇವೆಯಲ್ಲಿ ಸ್ಪರ್ಶದ ಮರ್ಯಾದೆಗಳಿವೆ. ಅವನ್ನು ಸಂಘದವರನ್ನು ಕೇಳಿ ಪಾಲಿಸಬೇಕು. ಮನೆಯ ಹಿರಿಯರ ವಿಷಯದಲ್ಲಿ ಅಂಥ ಅಡ್ಡಿಯಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

- ದಿನಕ್ಕೆ ಹತ್ತು ನಿಮಿಷ ಮೊಬೈಲ್ ದೂರವಿಟ್ಟು ಹಿರಿಯರ ಪಕ್ಕ ಕೂತು ಕೈ ಹಿಡಿಯಿರಿ. ಮಾತು ಇರಲೇಬೇಕೆಂದಿಲ್ಲ.
- ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ ಅಂಗೈ, ಅಂಗಾಲು ಮೆಲ್ಲಗೆ ತಿಕ್ಕಿ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಗಾಯವಿದೆಯೇ ಎಂದು ಆಗಲೇ ನೋಡಿ.
- ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸೊಂಟ, ಹಿಮ್ಮಡಿ ಕೆಂಪಾಗಿದ್ದರೆ ಅಲ್ಲಿ ತಿಕ್ಕಬೇಡಿ, ವೈದ್ಯರಿಗೆ ತೋರಿಸಿ.
- ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಒತ್ತಲೇಬಾರದು. ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.
- ಮುಟ್ಟುವ ಮೊದಲೂ ನಂತರವೂ ಕೈ ತೊಳೆಯಿರಿ. ಅವರಿಗೆ ಇಷ್ಟವೇ ಎಂದು ಕೇಳಿ. ಬೇಡವೆಂದರೆ ಬಿಡಿ, ಮಕ್ಕಳಿಗೂ ಇದೇ ನಿಯಮ.

ಸ್ಪರ್ಶದಿಂದಲೇ ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿಮಾಡುತ್ತೇವೆ ಎನ್ನುವವರನ್ನು ನಂಬಬೇಡಿ. ಕೈ ಔಷಧಿಯ ಜೊತೆಗಾರ, ಔಷಧಿಯ ಬದಲಿಯಲ್ಲ.

ಸಮಾಜದ ಕಾರ್ಯಕರ್ತರಾಗಿ ರೋಗಿಗಳನ್ನು ನೋಡಲು ಹೋದಾಗ ನಾವು ಹಣ್ಣಿನ ಚೀಲ ಮೇಜಿನ ಮೇಲಿಟ್ಟು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಮನೆಯವರೊಡನೆ ಮಾತಾಡಿ ಎದ್ದು ಬರುವುದೇ ಹೆಚ್ಚು. ವ್ಯಾಪಾರಸ್ಥರಾದ ನಮಗೆ ಹಣ ಖರ್ಚು ಮಾಡುವುದು ಸುಲಭ, ಹೊತ್ತು ಕೊಡುವುದೇ ಕಷ್ಟ. ಮುಂದಿನ ಬಾರಿ ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದುಕೊಳ್ಳೋಣ. ಮಕ್ಕಳನ್ನೂ ಕರೆದುಕೊಂಡು ಹೋಗಿ ಅಜ್ಜ ಅಜ್ಜಿಯರ ಕೈ ಹಿಡಿಸೋಣ. ನೋಡಿ ಕಲಿತರೆ ನಾಳೆ ಅವರೂ ಮಾಡುತ್ತಾರೆ.