ಟೈಮಿಂಗ್ ಚೈನಿನ ಸದ್ದು ಮತ್ತು ಟೆನ್ಶನರ್ ರಿಪೇರಿ

ಬೆಳಗ್ಗೆ ನಿಮ್ಮ ಬೈಕನ್ನು ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನಿನ ಒಳಗಿಂದ ‘ಕರಕರ’ ಎಂಬ ಒಣ ಸದ್ದು ಕೇಳಿಸುತ್ತದೆಯೇ? ಎರಡು ನಿಮಿಷ ಕಳೆದ ಮೇಲೆ ಅದು ತಗ್ಗಿ, ಆಕ್ಸಿಲರೇಟರ್ ಬಿಟ್ಟಾಗ ಪುನಃ ಕೇಳಿಬರುತ್ತದೆಯೇ? ಹಾಗಿದ್ದರೆ ಈ ಲೇಖನವನ್ನು ಪೂರ್ತಿ ಓದಿ. ‘ಬೈಕ್ ಓಡುತ್ತದಲ್ಲ, ಸದ್ದು ಇದ್ದರೆ ಇರಲಿ’ ಎಂದು ವರ್ಷಗಟ್ಟಲೆ ಓಡಿಸುವವರು ನಮ್ಮಲ್ಲಿ ಬಹಳ ಮಂದಿ. ಆ ಸದ್ದು ಬಹುಮಟ್ಟಿಗೆ ಟೈಮಿಂಗ್ ಚೈನಿನದು. ಪುಸ್ತಕಗಳಲ್ಲಿ ಅದಕ್ಕೆ ಕ್ಯಾಮ್ ಚೈನ್ ಎಂದು ಹೆಸರು. ಅದು ಸಡಿಲವಾಗದಂತೆ ನೋಡಿಕೊಳ್ಳುವ ಚಿಕ್ಕ ಸಾಧನವೇ ಟೆನ್ಶನರ್. ಕುಂಬಳೆಯ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿ, ತುಳುವಿನಲ್ಲಿ ಕೇಳಿ, ಮಲಯಾಳದಲ್ಲಿ ಕೇಳಿ, ಅದರ ಹೆಸರು ಮಾತ್ರ ಬದಲಾಗುವುದಿಲ್ಲ.

ಹಿಂದಿನ ಕಾಲದ ಸವಾರರಿಗೆ ಈ ತೊಂದರೆ ಗೊತ್ತಿರಲಿಲ್ಲ. ರಾಜದೂತ್, ಯೆಜ್ಡಿ, ಯಮಹಾ ಆರ್‌ಎಕ್ಸ್ 100 ಇವೆಲ್ಲ ಟೂ ಸ್ಟ್ರೋಕ್ ಗಾಡಿಗಳು. ಅವುಗಳಲ್ಲಿ ಕ್ಯಾಮಿನಿಂದ ತೆರೆಯುವ ವಾಲ್ವೂ ಇಲ್ಲ, ಆ ಕ್ಯಾಮೂ ಇಲ್ಲ. ಹಳೆಯ ಬುಲೆಟ್ ಫೋರ್ ಸ್ಟ್ರೋಕ್ ಆಗಿದ್ದರೂ ಅದರ ಕ್ಯಾಮುಗಳು ಕೆಳಗೇ ಇದ್ದು ಗಿಯರಿನಿಂದ ತಿರುಗುತ್ತಿದ್ದವು, ಮೇಲಿನ ವಾಲ್ವಿಗೆ ಉದ್ದನೆಯ ಸರಳುಗಳು ಹೋಗುತ್ತಿದ್ದವು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಬಳಿಕ, ಎಂಜಿನಿನ ತಲೆಯಲ್ಲಿ ಕ್ಯಾಮ್ ಇರುವ ಗಾಡಿಗಳು ಮನೆಮನೆಯ ಅಂಗಳಕ್ಕೆ ಬಂದವು. ಮೈಲೇಜ್ ಬಂತು, ಅದರ ಜೊತೆಗೆ ಈ ಚೈನೂ ಬಂತು.

ಅದರ ಕೆಲಸ ಇಷ್ಟು. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಮೇಲಿನ ಕ್ಯಾಮ್ ಒಂದೇ ಸುತ್ತು ತಿರುಗಬೇಕು. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ದಾರಿ ಬಿಟ್ಟಿರಬೇಕು. ಈ ಲೆಕ್ಕವನ್ನು ತಪ್ಪದಂತೆ ಇಡುವುದು ಚೈನು. ಅದರ ಪಿನ್ನುಗಳು ಮತ್ತು ಅವು ಕೂತ ಬುಷ್‌ಗಳು ಸವೆಯುತ್ತ ಹೋದಂತೆ ಚೈನು ಉದ್ದವಾಗುತ್ತದೆ. ಕಬ್ಬಿಣ ಎಳೆದುಹೋಗುವುದಲ್ಲ, ಸವಕಳಿಯಿಂದ ಕೊಂಡಿಕೊಂಡಿಗೂ ಕೂದಲೆಳೆಯಷ್ಟು ಸಡಿಲ ಹುಟ್ಟುವುದು. ಆ ಸಡಿಲವನ್ನು ನುಂಗಲು ಒಂದು ಬದಿಯಲ್ಲಿ ರಬ್ಬರ್ ಹೊದಿಸಿದ ಬಾಗಿದ ಪಟ್ಟಿ ಇರುತ್ತದೆ. ಟೆನ್ಶನರ್ ಆ ಪಟ್ಟಿಯನ್ನು ಹಿಂದಿನಿಂದ ಒತ್ತಿ ಹಿಡಿಯುತ್ತದೆ.

ಹೋಂಡಾ ಶೈನ್, ಯೂನಿಕಾರ್ನ್ ಮುಂತಾದ ಗಾಡಿಗಳ ಟೆನ್ಶನರ್ ಒಳಗೆ ಸುರುಳಿ ಸುತ್ತಿದ ಒಂದು ಸ್ಪ್ರಿಂಗ್ ಉಂಟು. ಅದು ಒಂದು ಸ್ಕ್ರೂವನ್ನು ಯಾವಾಗಲೂ ತಿರುಗಿಸಲು ನೋಡುತ್ತದೆ. ಸ್ಕ್ರೂ ತಿರುಗಿದರೆ ಅದರ ಮೇಲಿನ ಉಕ್ಕಿನ ಕಡ್ಡಿ ಮುಂದಕ್ಕೆ ಬರುತ್ತದೆ. ಚೈನು ಎಷ್ಟೇ ತಳ್ಳಿದರೂ ಕಡ್ಡಿ ಹಿಂದೆ ಹೋಗುವುದಿಲ್ಲ. ಬಡಗಿಯ ವೈಸ್ ನೋಡಿದ್ದೀರಲ್ಲ? ಹಿಡಿ ತಿರುಗಿಸಿದರೆ ದವಡೆ ಸರಿಯುತ್ತದೆ, ದವಡೆಯನ್ನು ತಳ್ಳಿದರೆ ಹಿಡಿ ತಿರುಗುವುದಿಲ್ಲ. ಇಲ್ಲಿಯೂ ಅದೇ ಉಪಾಯ. ಮುಂದೆ ಮಾತ್ರ ಹೋಗು, ಹಿಂದೆ ಬರಬೇಡ ಎಂಬ ಈ ಗುಣ ಕೆಟ್ಟರೆ ಟೆನ್ಶನರ್ ಕೆಟ್ಟಿತು ಎಂದೇ ಅರ್ಥ. ಆಗ ಚೈನು ಕುಣಿದು ಪಕ್ಕದ ಗೋಡೆಗೆ ಬಡಿಯುತ್ತದೆ. ಇನ್ನೂ ಬಿಟ್ಟರೆ ಒಂದು ದಿನ ಹಲ್ಲು ಹಾರುತ್ತದೆ, ವಾಲ್ವ್ ಹೋಗಿ ಪಿಸ್ಟನ್ನಿಗೆ ತಾಗಿ ಬಾಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ನೂರರ ಲೆಕ್ಕದಲ್ಲಿ ಮುಗಿಯುವ ಕೆಲಸ ಸಾವಿರಗಳ ಲೆಕ್ಕಕ್ಕೆ ಏರುವುದು ಹೀಗೆ. ಪೆರ್ಲದ ಏರಿನಲ್ಲಿ, ಜಡಿಮಳೆಯಲ್ಲಿ, ಹಿಂದೆ ಮಗುವನ್ನು ಕೂರಿಸಿಕೊಂಡಿರುವಾಗ ಎಂಜಿನ್ ನಿಂತರೆ ಏನು ಗತಿ ಎಂಬುದನ್ನು ನೀವೇ ಯೋಚಿಸಿ.

ಸ್ಪ್ಯಾನರ್ ಹಿಡಿಯುವ ಮೊದಲು ಆಯಿಲ್ ನೋಡಿ. ಈ ಚೈನಿಗೆ ಬೇರೆ ಗ್ರೀಸ್ ಇಲ್ಲ, ಎಂಜಿನ್ ಆಯಿಲೇ ಅದರ ಅನ್ನ. ಗಾಡಿಯನ್ನು ನೆಟ್ಟಗೆ ದೊಡ್ಡ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಕೆಲವು ನಿಮಿಷ ಓಡಿಸಿ, ಆರಿಸಿ, ಎರಡು ಮೂರು ನಿಮಿಷ ಬಿಡಿ. ಅಳತೆ ಕಡ್ಡಿಯನ್ನು ಒರೆಸಿ, ತಿರುಚಿ ಬಿಗಿಯದೆ ಸುಮ್ಮನೆ ಇಳಿಸಿ ನೋಡಿ. ಮೇಲೆ ಹೇಳಿದ ಗಾಡಿಗಳಲ್ಲಿ ಅಳತೆಯ ಕ್ರಮವೇ ಹಾಗೆ. ಆಯಿಲ್ ಕೆಳಗಿನ ಗೆರೆಗಿಂತ ತಗ್ಗಿದ್ದರೆ ಅಥವಾ ಡಾಮರಿನಂತೆ ಆಗಿದ್ದರೆ ಮೊದಲು ಅದನ್ನು ಸರಿಮಾಡಿ. ಸದ್ದು ಅಷ್ಟಕ್ಕೇ ಇಳಿದರೂ ಇಳಿಯಬಹುದು.

ಸದ್ದು ಯಾವುದೆಂದು ಗುರುತಿಸುವುದೂ ಅಗತ್ಯ. ಟ್ಯಾಪೆಟ್ ಸಡಿಲವಾದರೆ ಎಂಜಿನಿನ ತಲೆಯಿಂದ ಗಡಿಯಾರದಂತೆ ಒಂದೇ ತಾಳದಲ್ಲಿ ‘ಟಿಕ್ ಟಿಕ್’ ಎನ್ನುತ್ತದೆ. ಚೈನಿನ ಸದ್ದಿಗೆ ತಾಳವಿಲ್ಲ, ಡಬ್ಬಿಯಲ್ಲಿ ಹುಣಸೆಬೀಜ ಅಲುಗಿಸಿದಂತೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸಿಲಿಂಡರಿನ ಪಕ್ಕಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ತಾಗಿಸಿದರೆ ವೈದ್ಯರ ಸ್ಟೆತಾಸ್ಕೋಪಿನಂತೆ ಒಳಗಿನದೆಲ್ಲ ಕೇಳುತ್ತದೆ. ಸೈಲೆನ್ಸರ್ ಪೈಪಿಗೆ ಕೈ ತಾಗದಂತೆ ಜಾಗ್ರತೆ.

ಈಗ ಕೆಲಸಕ್ಕೆ ಬರೋಣ. ನಾನು ಹೇಳುವುದು ಈ ಸ್ಕ್ರೂ ಮಾದರಿಯ ಟೆನ್ಶನರಿನ ಬಗ್ಗೆ. ಸ್ಪ್ಲೆಂಡರಿನಂಥ ಎಂಜಿನ್‌ಗಳಲ್ಲಿ ಅದು ಕೆಳಗಡೆ ಇದ್ದು ಬೇರೆ ಕ್ರಮದ್ದು. ಅದಕ್ಕೆ ಈ ವಿವರಣೆಯನ್ನು ಹಚ್ಚಬೇಡಿ. ಹೊಸ ಗ್ಯಾಸ್ಕೆಟ್ ಮತ್ತು ರಬ್ಬರಿನ ಓ-ರಿಂಗ್ ಮೊದಲೇ ತಂದಿಟ್ಟುಕೊಳ್ಳಿ. ನಮ್ಮ ಕಡೆ ಗಾಡಿ ಬಿಚ್ಚಿದ ಮರುದಿನವೇ ಹರತಾಳ ಬರುವುದುಂಟು.

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಕೀಲಿಯನ್ನು ತೆಗೆದು ಜೇಬಿಗೆ ಹಾಕಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಗಾಡಿಯನ್ನು ಟಾಪ್ ಗಿಯರಿಗೆ ಹಾಕಿ, ಹಿಂದಿನ ಚಕ್ರವನ್ನು ಮುಂದಕ್ಕೆ ಮೆಲ್ಲಗೆ ತಿರುಗಿಸಿ. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಇಟ್ಟರೆ ಗಾಳಿ ಒತ್ತುವುದು ತಿಳಿಯುತ್ತದೆ. ಹಾಗೆ ಗಾಳಿ ಒತ್ತುತ್ತ ಬಂದು, ಮ್ಯಾಗ್ನೆಟ್ ಕವರಿನ ಚಿಕ್ಕ ಕಿಟಕಿಯಲ್ಲಿ ‘ಟಿ’ ಗುರುತು ಗೀಟಿಗೆ ಸರಿಯಾಗಿ ನಿಂತಾಗ ಚಕ್ರ ನಿಲ್ಲಿಸಿ. ಆಗ ಎರಡೂ ವಾಲ್ವುಗಳು ಮುಚ್ಚಿರುತ್ತವೆ, ಕ್ಯಾಮಿನ ಮೇಲೆ ಸ್ಪ್ರಿಂಗಿನ ಭಾರ ಇರುವುದಿಲ್ಲ. ಇನ್ನು ಕೆಲಸ ಮುಗಿಯುವವರೆಗೆ ಚಕ್ರವನ್ನಾಗಲಿ ಕಿಕ್ಕರನ್ನಾಗಲಿ ಸೆಲ್ಫ್ ಬಟನನ್ನಾಗಲಿ ಯಾರೂ ಮುಟ್ಟಬಾರದು. ಟೆನ್ಶನರ್ ಇಲ್ಲದಾಗ ಎಂಜಿನ್ ತಿರುಗಿದರೆ ಹಲ್ಲು ಹಾರುವುದು ಆಗಲೇ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನು ಅತ್ತ ಬಿಡಬೇಡಿ.

ಸಿಲಿಂಡರಿನ ಹಿಂಭಾಗದಲ್ಲಿ ಎರಡು ಸಣ್ಣ ಬೋಲ್ಟಿನಿಂದ ಕೂತಿರುವುದೇ ಟೆನ್ಶನರ್. ಅದರ ನಡುವಿನ ಮುಚ್ಚಳದ ಸ್ಕ್ರೂ ತೆಗೆದು, ಒಳಗೆ ಸಪೂರ ಸ್ಕ್ರೂಡ್ರೈವರ್ ಇಟ್ಟು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಕಡ್ಡಿ ಒಳಗೆ ಸರಿಯುತ್ತದೆ. ಎಷ್ಟು ಸುತ್ತು ತಿರುಗಿತು ಎಂಬುದನ್ನು ಎಣಿಸಿ, ಚೀಟಿಯಲ್ಲಿ ಬರೆದಿಡಿ. ಇಡೀ ಕೆಲಸದಲ್ಲಿ ಇದರಷ್ಟು ಮುಖ್ಯವಾದದ್ದು ಬೇರೆ ಇಲ್ಲ. ಹೆಚ್ಚಿನ ಮೆಕ್ಯಾನಿಕ್‌ಗಳಿಗೆ ಇದಕ್ಕೆ ಪುರುಸೊತ್ತು ಇರುವುದಿಲ್ಲ, ನಿಮಗೆ ಉಂಟು. ನಂತರ ಬೋಲ್ಟುಗಳನ್ನು ಬಿಚ್ಚಿ ಟೆನ್ಶನರನ್ನು ಹೊರಗೆ ತೆಗೆದು, ಸ್ಕ್ರೂಡ್ರೈವರಿನ ಹಿಡಿತ ಬಿಡಿ. ಕಡ್ಡಿ ‘ಟಕ್’ ಎಂದು ಪೂರ್ತಿ ಹೊರಗೆ ಹಾರಬೇಕು. ಈಗ ಪುನಃ ಒಳಗೆ ತಿರುಗಿಸಿ ಒಟ್ಟು ಎಷ್ಟು ಸುತ್ತು ಎಂದು ಎಣಿಸಿ. ಎರಡೂ ಸಂಖ್ಯೆಗಳು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಟೆನ್ಶನರ್ ತನ್ನ ಕೊನೆಯ ಮಿತಿಯವರೆಗೆ ಕೈ ಚಾಚಿತ್ತು ಎಂದಾಯಿತು. ಅಂದರೆ ಸವೆದದ್ದು ಚೈನು ಅಥವಾ ರಬ್ಬರ್ ಪಟ್ಟಿ. ಹೊಸ ಟೆನ್ಶನರ್ ಹಾಕಿದರೂ ಪ್ರಯೋಜನವಿಲ್ಲ. ಮೊದಲನೆಯ ಸಂಖ್ಯೆ ಬಹಳ ಕಡಿಮೆಯಿದ್ದು ಸದ್ದು ಮಾತ್ರ ಇದ್ದರೆ ಟೆನ್ಶನರನ್ನೇ ಸಂಶಯಿಸಬೇಕು.

ಅದನ್ನು ಪರೀಕ್ಷಿಸುವುದು ಸುಲಭ. ಸೀಮೆಎಣ್ಣೆಯಲ್ಲಿ ಅದ್ದಿ, ಕಡ್ಡಿಯನ್ನು ಹತ್ತಾರು ಬಾರಿ ಒಳಗೆ ಹೊರಗೆ ಆಡಿಸಿ ಅಂಟು ತೆಗೆಯಿರಿ. ಒಣಗಿದ ಮೇಲೆ ಎರಡು ಹನಿ ಎಂಜಿನ್ ಆಯಿಲ್ ಬಿಡಿ. ಕಡ್ಡಿಯನ್ನು ಹೊರಗೆ ಬಿಟ್ಟು ಅದರ ತುದಿಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಒಂದಿಷ್ಟೂ ಹಿಂದೆ ಹೋಗಬಾರದು. ಹೋದರೆ, ಅಥವಾ ತಡೆತಡೆದು ಹೊರಗೆ ಬಂದರೆ, ಅದರ ಆಯುಷ್ಯ ಮುಗಿಯಿತು. ಬಿಚ್ಚಿ ಸ್ಪ್ರಿಂಗ್ ಬಗ್ಗಿಸಿ ಜೀವ ಕೊಡಲು ಹೋಗಬೇಡಿ. ಕೆಲವರು ಹಿಂದಿನಿಂದ ತೂತು ಕೊರೆದು ಬೋಲ್ಟ್ ಹಾಕಿ ಬಿಗಿ ಮಾಡಿಕೊಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಸದ್ದು ನಿಲ್ಲುವುದು ನಿಜ. ಆದರೆ ಚೈನು ಅತಿಯಾಗಿ ಬಿಗಿದು ಪಟ್ಟಿಯ ರಬ್ಬರನ್ನು ಕೆರೆಯುತ್ತದೆ, ಆ ಚೂರುಗಳು ಆಯಿಲಿನ ಜಾಲರಿಗೆ ಹೋಗಿ ಕೂರುತ್ತವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಎರಡರ ಕಡ್ಡಿಯನ್ನೂ ಪೂರ್ತಿ ಹೊರಗೆ ಬಿಟ್ಟು ಪಕ್ಕದಲ್ಲಿಟ್ಟು ಉದ್ದ ನೋಡಿ.

ಜೋಡಿಸುವಾಗ ಹಳೆಯ ಗ್ಯಾಸ್ಕೆಟಿನ ಚೂರು ತೂತಿನೊಳಗೆ ಬೀಳದಂತೆ ಕೆರೆದು ತೆಗೆಯಿರಿ. ಪೇಸ್ಟ್ ಮೆತ್ತಬೇಡಿ. ಕಡ್ಡಿಯನ್ನು ಒಳಗೇ ಹಿಡಿದಿಡಲು ಕಂಪನಿಯ ಒಂದು ಕೀಲಿ ಬರುತ್ತದೆ. ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡನ್ನು ಅರದಿಂದ ಉಜ್ಜಿ, ಸ್ಕ್ರೂವಿನ ಗೀರಿಗೆ ಹೊಂದುವ ಮೂತಿಯನ್ನೂ ತೂತಿನ ಅಂಚಿನ ಕಚ್ಚಿಗೆ ಸಿಕ್ಕಿಕೊಳ್ಳುವ ಎರಡು ಭುಜಗಳನ್ನೂ ಮಾಡಿದರೆ ಮನೆಯಲ್ಲೇ ಅಂಥದ್ದು ತಯಾರಾಗುತ್ತದೆ. ಆಗದಿದ್ದರೆ ಒಬ್ಬರು ಸ್ಕ್ರೂಡ್ರೈವರ್ ಹಿಡಿದಿರಲಿ, ಇನ್ನೊಬ್ಬರು ಬೋಲ್ಟ್ ಹಾಕಲಿ. ಇದು ಅಲ್ಯೂಮಿನಿಯಂ ಮರೆ, ಬೇಗ ಕಿತ್ತುಬರುತ್ತದೆ. ಚಿಕ್ಕ ಸ್ಪ್ಯಾನರಿನಲ್ಲಿ ಬೆರಳ ಬಲ ಸಾಕು. ಬೋಲ್ಟ್ ಎರಡೂ ಬಿಗಿದ ಬಳಿಕವೇ ಕೀಲಿಯನ್ನು ಎಳೆಯಿರಿ. ಕಡ್ಡಿ ಮುಂದೆ ಹೋಗಿ ಪಟ್ಟಿಗೆ ತಾಗಿದ ಸದ್ದು ಕೇಳಿಸುತ್ತದೆ. ಹೊಸ ಓ-ರಿಂಗಿನೊಂದಿಗೆ ಮುಚ್ಚಳ ಹಾಕಿ.

ಇನ್ನು ಹಿಂದಿನ ಚಕ್ರವನ್ನು ಮುಂದಕ್ಕೇ ತಿರುಗಿಸಿ, ‘ಟಿ’ ಗುರುತು ಕಿಟಕಿಯಲ್ಲಿ ನಾಲ್ಕು ಬಾರಿಯಾದರೂ ಹಾದುಹೋಗಲಿ. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಿರಿ. ತಡೆಯಿಲ್ಲದಿದ್ದರೆ ಪ್ಲಗ್ ಹಾಕಿ, ನ್ಯೂಟ್ರಲಿಗೆ ತಂದು ಸ್ಟಾರ್ಟ್ ಮಾಡಿ. ಸದ್ದು ಹಾಗೆಯೇ ಇದ್ದರೆ ಚೈನು, ಪಟ್ಟಿ, ಟೆನ್ಶನರ್ ಮೂರನ್ನೂ ಒಟ್ಟಿಗೆ ಬದಲಿಸುವ ಕೆಲಸ ಬಾಕಿ ಉಂಟು. ಅದಕ್ಕೆ ಎಂಜಿನಿನ ತಲೆ ಬಿಚ್ಚಬೇಕಾಗಬಹುದು, ಅದು ಅಂಗಳದ ಕೆಲಸವಲ್ಲ. ಗ್ಯಾರೇಜಿಗೆ ಹೋಗುವಾಗ ಸುತ್ತು ಎಣಿಸಿ ಬರೆದ ಆ ಚೀಟಿಯನ್ನೂ ಒಯ್ಯಿರಿ. ಸದ್ದು ನಿಂತಿದ್ದರೆ ಹತ್ತು ಕಿಲೋಮೀಟರ್ ಓಡಿಸಿ ಬಂದು, ಟೆನ್ಶನರಿನ ಸುತ್ತ ಬಿಳಿ ಬಟ್ಟೆಯಿಂದ ಒರೆಸಿ ಆಯಿಲ್ ಜಿನುಗುತ್ತದೆಯೇ ಎಂದು ನೋಡಿ.