ಮನೆತನದ ಕಾಯಿಲೆಯನ್ನು ಮುಚ್ಚಿಡಬೇಡಿರಿ

ಮನೆಯಲ್ಲಿ ಯಾರಿಗೋ ಕ್ಯಾನ್ಸರ್ ಇತ್ತೆಂಬುದನ್ನು, ಮಗಳ ಮದುವೆಗೆ ತೊಡಕಾದೀತೆಂದು ಮುಚ್ಚಿಡುವವರುಂಟು. ಆ ಮೌನದ ಹಾನಿ ತಟ್ಟುವುದು ಮಗಳಿಗೇ.

ಕ್ಯಾನ್ಸರುಗಳಲ್ಲಿ ನೂರಕ್ಕೆ ೫ರಿಂದ ೧೦ ಮಾತ್ರ ಅನುವಂಶಿಕವಾದುವು. ೧೯೯೦ರಲ್ಲಿ ಅಮೆರಿಕದ ಮೇರಿ-ಕ್ಲೇರ್ ಕಿಂಗ್ ಎಂಬ ವಿದುಷಿ, ಸ್ತನದ ಕ್ಯಾನ್ಸರ್ ಪದೇ ಪದೇ ಕಾಣುವ ಮನೆತನಗಳನ್ನು ಶೋಧಿಸಿ, 'ಬಿ.ಆರ್.ಸಿ.ಎ. ೧' ಎಂಬ ವಂಶವಾಹಿಯ ನೆಲೆಯನ್ನು ೧೭ನೆಯ ವರ್ಣತಂತುವಿನಲ್ಲಿ ತೋರಿಸಿಕೊಟ್ಟರು. ಅದು ಕೆಟ್ಟಿದ್ದರೆ ಸ್ತನ, ಅಂಡಾಶಯಗಳ ಕ್ಯಾನ್ಸರಿನ ಸಂಭವ ಬಹಳ ಹೆಚ್ಚು. ಆ ದೋಷ ತಂದೆಯಲ್ಲಿರಲಿ ತಾಯಿಯಲ್ಲಿರಲಿ, ಮಗನಾಗಲಿ ಮಗಳಾಗಲಿ ಪ್ರತಿ ಮಗುವಿಗೂ ಇಳಿಯುವ ಸಂಭವ ಅರ್ಧಕ್ಕರ್ಧ.

ಆದುದರಿಂದ ಸೋದರತ್ತೆಯ ಕಾಯಿಲೆಯನ್ನೂ ವೈದ್ಯರಿಗೆ ತಿಳಿಸಿರಿ. ಅವರು ಸೂಚಿಸಿದರೆ ರಕ್ತಪರೀಕ್ಷೆಗೆ ಅಂಜಬೇಡಿರಿ. ಸಾಧ್ಯವಾದಲ್ಲಿ ರೋಗ ಕಂಡವರನ್ನೇ ಮೊದಲು ಪರೀಕ್ಷಿಸುವುದು ಪದ್ಧತಿ. ದೋಷವುಳ್ಳವರೆಲ್ಲರಿಗೂ ರೋಗ ಬಂದೇ ತೀರುವುದೆಂದಿಲ್ಲ. ತಿಳಿದವರು ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಂಡು ಸ್ತನದ ಗಂಟನ್ನು ಮೊಳಕೆಯಲ್ಲೇ ಹಿಡಿಯಬಹುದು.