ಗೋಡೆ ಕುಡಿದ ಮಳೆ

ನಾಗಪುರದ ಸಿವಿಲ್ ಲೈನ್ಸ್‌ನಲ್ಲಿರುವ ಹೈಕೋರ್ಟ್ ಪೀಠದ ಕಟ್ಟಡಕ್ಕೂ ಕನ್ನಡನಾಡಿಗೂ ಒಂದು ನಂಟಿದೆ. ಅದರ ಕಾರಿಡಾರ್‌ಗಳಿಗೆ ಹಾಸಿರುವ ಕಲ್ಲುಗಳಲ್ಲಿ ಶಹಾಬಾದ್ ಕಲ್ಲೂ ಇದೆ. ಆ ಹೆಸರು ಬಂದದ್ದು ಕಲಬುರಗಿ ಜಿಲ್ಲೆಯ ಊರಿನಿಂದ. ಎಚ್.ಎ.ಎನ್. ಮೆಡ್ ವಿನ್ಯಾಸಗೊಳಿಸಿದ ಈ ಕಟ್ಟಡಕ್ಕೆ 1937ರಲ್ಲಿ ಅಡಿಗಲ್ಲು ಬಿತ್ತು. 1940ರ ಜನವರಿ 6ರಂದು ಉದ್ಘಾಟನೆಯಾದಾಗ ವೈಸ್‌ರಾಯ್ ಇದನ್ನು ಕಲ್ಲಿನ ಕವಿತೆ ಎಂದು ಕೊಂಡಾಡಿದರು. ಗೋಡೆಯ ಹೊರಮೈಗೆ ನಯವಾಗಿ ಕೆತ್ತಿದ ಮರಳುಗಲ್ಲು, ಒಳಗೆ ಇಟ್ಟಿಗೆಯ ತಿರುಳು. ಎರಡೂ ನೀರು ಕುಡಿಯುವ ಜಾತಿಯವು.

1925ರಲ್ಲಿ ಉದ್ಘಾಟನೆಯಾದ ನಾಗಪುರ ರೈಲು ನಿಲ್ದಾಣಕ್ಕೆ ಬಳಸಿದ್ದೂ ಹತ್ತಿರದ ಸಾವನೇರ್‌ನ ಮರಳುಗಲ್ಲನ್ನೇ. ನಾಗಪುರದ ಹವೆಯೋ ವಿಪರೀತದ್ದು. ಮೇ ತಿಂಗಳಲ್ಲಿ 45 ಡಿಗ್ರಿ ಬಿಸಿಲು, ಅದು ಆರುವಷ್ಟರಲ್ಲಿ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆಗಾಲ. 2023ರ ಸೆಪ್ಟೆಂಬರ್‌ನಲ್ಲಂತೂ ಒಂದೇ ರಾತ್ರಿ ಸುರಿದ ಮಳೆಗೆ ಅಂಬಾಝರಿ ಕೆರೆ ಉಕ್ಕಿ ಬಡಾವಣೆಗಳಿಗೆ ನೀರು ನುಗ್ಗಿತು.

ದೀಪದ ಬತ್ತಿ ಎಣ್ಣೆ ಹೀರುವಂತೆ ಗೋಡೆ ಪಾಯದಿಂದ ತೇವವನ್ನು ಮೇಲಕ್ಕೆಳೆಯುತ್ತದೆ. ಜೊತೆಗೆ ಮಣ್ಣಿನ ಉಪ್ಪೂ ಏರುತ್ತದೆ. ಬಿಸಿಲಿಗೆ ನೀರು ಆರಿಹೋದರೂ ಉಪ್ಪು ಉಳಿದು ಹರಳುಗಟ್ಟುತ್ತದೆ. ಕಲ್ಲಿನ ಮೇಲೆ ಬಿಳಿ ಪುಡಿಯಾಗಿ ಕಂಡರೆ ಅಷ್ಟು ಅಪಾಯವಿಲ್ಲ. ಕಲ್ಲಿನ ಸೂಕ್ಷ್ಮ ರಂಧ್ರಗಳೊಳಗೆ ಹರಳುಗಟ್ಟಿದರೆ ಮೇಲ್ಪದರ ಹೆಕ್ಕಳಿಕೆಯಾಗಿ ಎದ್ದು ಉದುರುತ್ತದೆ.

ಇಲ್ಲಿ ಕೇಡು ತರುವುದು ದುರಸ್ತಿಗೆ ಬಳಸುವ ಸಿಮೆಂಟು.

ಸುಣ್ಣದ ಗಾರೆ ತುಂಬಿದ ಸಂದಿನಿಂದ ತೇವ ಹೊರಗೆ ಹೋಗುತ್ತದೆ. ಸವೆದರೆ ಗಾರೆಯೇ ಮೊದಲು ಸವೆಯುತ್ತದೆ. ಸಿಮೆಂಟು ತುಂಬಿದರೆ ತೇವವೆಲ್ಲ ಕಲ್ಲಿನ ಮೂಲಕವೇ ಹೊರಬರಬೇಕು. ಇಂಥ ದುರಸ್ತಿ ಕಂಡ ಹಳೆಯ ಗೋಡೆಯನ್ನು ಹತ್ತಿರದಿಂದ ನೋಡಿದರೆ ಸಂದಿನ ಸಿಮೆಂಟ್ ಗೆರೆ ಗಟ್ಟಿಯಾಗಿ ಉಬ್ಬಿ ನಿಂತಿರುತ್ತದೆ, ನಡುವಿನ ಕಲ್ಲು ಸವೆದು ಬೆರಳು ಹುದುಗುವಷ್ಟು ಒಳಸರಿದಿರುತ್ತದೆ. ಉಗುರು ತಾಗಿಸಿದರೆ ಮರಳು ಉದುರುತ್ತದೆ.

ನೀರಿನ ಪೆಟ್ಟು ಮೈಸೂರಿಗೂ ಗೊತ್ತು. 2022ರ ಅಕ್ಟೋಬರ್ ಮಳೆಗೆ ಅರಮನೆಯ ಕೋಟೆಗೋಡೆಯ ಒಂದು ಭಾಗವೇ ಕುಸಿಯಿತು.

ಕೇಡಿನ ಮೂಲ ನೀರೇ ಆದ್ದರಿಂದ ಬಲ್ಲವರು ರಿಪೇರಿಯನ್ನು ಗೋಡೆಯಿಂದ ಶುರು ಮಾಡುವುದಿಲ್ಲ. ಮೊದಲು ತಾರಸಿಯ ನೀರಿಳಿಯುವ ಕೊಳವೆ, ಕಸ ಕಟ್ಟಿದ ಮೋರಿ, ಪಾಯದ ಸುತ್ತ ವರ್ಷವರ್ಷ ಏರಿದ ಮಣ್ಣು. ಸಂದಿನಲ್ಲಿ ಬೇರಿಳಿಸಿದ ಅರಳಿ ಗಿಡ. ಆಮೇಲೆ ಕಲ್ಲಿನ ಅಂಚು ಮುರಿಯದಂತೆ ಉಳಿಯಿಂದ ಸಿಮೆಂಟು ಬಿಡಿಸಿ, ಒದ್ದೆ ಕಾಗದದ ತಿರುಳು ಮೆತ್ತಿ ಉಪ್ಪು ಹೀರಿಸುತ್ತಾರೆ. ಒಣಗಿದ ಮೆತ್ತೆಯ ಜೊತೆ ಉಪ್ಪೂ ಬರುತ್ತದೆ. ಕೊನೆಯದು ಸುಣ್ಣ, ಮರಳು, ಇಟ್ಟಿಗೆ ಪುಡಿಯ ಗಾರೆ. ನಮ್ಮ ಹಳೆಯ ಗಾರೆ ಕೆಲಸದವರು ಇದಕ್ಕೆ ಬೆಲ್ಲ, ಅಳಲೆಕಾಯಿಯ ನೀರನ್ನೂ ಬೆರೆಸುತ್ತಿದ್ದರು.

ಇದೆಲ್ಲಕ್ಕಿಂತ ಕಷ್ಟದ್ದು ಕಾಯುವುದು. ನೀರಿನ ದಾರಿ ಕಡಿದ ಮೇಲೆ ಗೋಡೆ ತಿಂಗಳಿಗೆ ಸುಮಾರು ಒಂದು ಇಂಚಿನಷ್ಟು ಒಣಗುತ್ತದೆ ಎಂಬುದು ಈ ಕಸುಬಿನ ಸ್ಥೂಲ ಲೆಕ್ಕ. ಎರಡಡಿ ದಪ್ಪದ ಗೋಡೆಗೆ ಎರಡು ವರ್ಷ ಬೇಕು. ನಾಗಪುರದಲ್ಲಿ ಆ ಅವಧಿಯೊಳಗೆ ಎರಡು ಮಳೆಗಾಲ ಬರುತ್ತವೆ. ಮೋರಿ ಮತ್ತು ಕೊಳವೆಯ ಕೆಲಸ ಮೊದಲ ಬೇಸಿಗೆಯಲ್ಲೇ ಮುಗಿಯದಿದ್ದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು.